ಮನೆಯೊಳಗಿನ ಹೊಗೆಗೆ ದಾಕ್ಷಿಣ್ಯ ಬೇಡ

ಸೇದುವವರ ಶ್ವಾಸಕೋಶದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಪಕ್ಕದಲ್ಲಿ ಕೂತು ಆ ಹೊಗೆ ಕುಡಿಯುವ ನಿಮ್ಮ ಹೃದಯವನ್ನು ಕೇಳುವವರಿಲ್ಲ. ಜನ್ಮದಲ್ಲಿ ಬೀಡಿ ಮುಟ್ಟದವರಿಗೂ ಮನೆಯಲ್ಲೋ ಕೆಲಸದ ಜಾಗದಲ್ಲೋ ದಿನಾ ಹೊಗೆ ತಾಗುತ್ತಿದ್ದರೆ, ಹೃದಯದ ಕಾಯಿಲೆ ಬರುವ ಸಂಭವ ಶೇಕಡಾ 25ರಿಂದ 30ರಷ್ಟು ಹೆಚ್ಚು. ಅದಕ್ಕೇ ಈ ಕಿವಿಮಾತು.

• ಮನೆಯೊಳಗೆ ಯಾರೂ ಸೇದಬಾರದು ಅಂತ ಹೇಳಿಬಿಡಿ. ಯಜಮಾನರಾಗಲಿ, ಮಾವನವರಾಗಲಿ, ಹಬ್ಬಕ್ಕೆ ಬಂದ ಬೀಗರಾಗಲಿ. ಬೂದಿ ಹಾಕುವ ತಟ್ಟೆಯನ್ನು ಟೀಪಾಯಿ ಮೇಲಿಂದ ತೆಗೆದು ಅಂಗಳದಲ್ಲಿಡಿ. ಅದು ಕಣ್ಣೆದುರಿಗಿದ್ದರೆ ಬಂದವರಿಗೆ ನೀವೇ ಸೇದಿ ಅಂದ ಹಾಗೆ.

• ಕಿಟಕಿ ತೆರೆದೆ, ಫ್ಯಾನ್ ಹಾಕಿದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಫ್ಯಾನ್ ಹೊಗೆಯನ್ನು ಮನೆತುಂಬ ಹರಡುತ್ತದೆ, ಅಷ್ಟೇ. ಬಾಲ್ಕನಿಯಲ್ಲಿ ಸೇದುವವರಿದ್ದರೆ ಬಾಗಿಲು ಭದ್ರವಾಗಿ ಹಾಕಿಕೊಳ್ಳಿ.

• ರೂಮ್ ಫ್ರೆಶ್ನರಿಗೆ ದುಡ್ಡು ಸುರಿಯಬೇಡಿ. ವಾಸನೆ ಮುಚ್ಚುತ್ತದೆ, ವಿಷ ಹಾಗೇ ಇರುತ್ತದೆ. ಊದಿನಕಡ್ಡಿ ಹಚ್ಚಿದರಂತೂ ಹೊಗೆಗೆ ಹೊಗೆ ಸೇರಿಸಿದಂತಾಯಿತು.

• "ಅರ್ಧ ಗಂಟೆ ತಾನೇ" ಅನ್ನಬೇಡಿ. ಅಷ್ಟರಲ್ಲೇ ರಕ್ತನಾಳದ ಒಳಪದರ ಸರಿಯಾಗಿ ಕೆಲಸ ಮಾಡದಂತಾಗುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಕಿತ್ತುಕೊಳ್ಳುವುದು ಬೇರೆ.

• ಹೃದಯದ ತೊಂದರೆ ಇರುವವರನ್ನು, ಬಿ.ಪಿ., ಸಕ್ಕರೆ ಕಾಯಿಲೆಯವರನ್ನು ಇನ್ನೂ ಜೋಪಾನ ಮಾಡಿ. ಸ್ಟೆಂಟ್ ಹಾಕಿಸಿಕೊಂಡು ಬಂದ ಅಪ್ಪನಿಗೆ ಹೊತ್ತು ಹೊತ್ತಿಗೆ ಮಾತ್ರೆ ಕೊಡುತ್ತೀರಿ, ಸಾರಿಗೆ ಉಪ್ಪು ಅಳೆದು ಹಾಕುತ್ತೀರಿ. ಸಂಜೆ ಅದೇ ಕೋಣೆಯಲ್ಲಿ ಅಣ್ಣನೋ ತಮ್ಮನೋ ಸಿಗರೇಟು ಹಚ್ಚಿದರೆ ಮಾತ್ರ ಸುಮ್ಮನಿರುತ್ತೀರಿ! ಹಗಲೆಲ್ಲ ಪಟ್ಟ ಪಾಡು ದಂಡವಾಗಲು ಬಿಡಬೇಡಿ, ಎಬ್ಬಿಸಿ ಹೊರಗೆ ಕಳಿಸಿ.

• ಕಾರಿನಲ್ಲಿ ಒಂದು ದಮ್ಮಿಗೂ ಒಪ್ಪಬೇಡಿ. ಇಕ್ಕಟ್ಟಿನ ಜಾಗ, ಗಾಜು ಇಳಿಸಿದರೂ ಹೊಗೆ ಹಿಂದಿನ ಸೀಟಿನ ಮಕ್ಕಳಿಗೇ ಬಡಿಯುತ್ತದೆ.

• ಹೋಟೆಲು, ಬಸ್ ನಿಲ್ದಾಣದಲ್ಲಿ ಯಾರಾದರೂ ಹಚ್ಚಿದರೆ ಧೈರ್ಯವಾಗಿ ಹೇಳಿ. ಸಾರ್ವಜನಿಕ ಜಾಗದಲ್ಲಿ ಸೇದಬಾರದೆಂಬ ನಿಯಮ 2008ರ ಅಕ್ಟೋಬರ್ 2ರಿಂದ ದೇಶಕ್ಕೆಲ್ಲ ಇದೆ, ಕೇಳುವವರಿಲ್ಲ ಅಷ್ಟೇ. ಅಮೆರಿಕದ ಹೆಲೆನಾ ಎಂಬ ಸಣ್ಣ ಊರಲ್ಲಿ 2002ರಲ್ಲಿ ಆರು ತಿಂಗಳು ಹೀಗೆ ತಡೆದಾಗ ಹೃದಯಾಘಾತವಾಗಿ ಆಸ್ಪತ್ರೆ ಸೇರುವವರು ಕಡಿಮೆಯಾದರು. ನಿಯಮ ನಿಂತ ಮೇಲೆ ಮತ್ತೆ ಹೆಚ್ಚಾದರು.

• ಡಾಕ್ಟರು "ಸಿಗರೇಟು ಸೇದುತ್ತೀರಾ?" ಅಂದಾಗ ಬರೀ ಇಲ್ಲ ಅಂದು ಬರಬೇಡಿ. ಮನೆಯಲ್ಲಿ ಸೇದುವವರಿದ್ದಾರೆ ಅಂತಲೂ ಹೇಳಿ, ಅವರಿಗೆ ತಿಳಿದಿರಲಿ.

• ಸೇದುವವರನ್ನು ದಿನಾ ಬೈಯಬೇಡಿ, ಬೈಸಿಕೊಂಡವರು ಕದ್ದು ಸೇದುತ್ತಾರೆ. ತಿಂಗಳಿಗೆ ಎಷ್ಟು ದುಡ್ಡು ಸುಟ್ಟಿತು ಅಂತ ಅವರ ಕೈಯಲ್ಲೇ ಲೆಕ್ಕ ಬರೆಸಿ. ಬಿಡುವ ಮನಸ್ಸು ಮಾಡಿದ ದಿನ 1800-11-2356ಕ್ಕೆ ಫೋನ್ ಹಚ್ಚಿ ಕೊಡಿ, ಸರ್ಕಾರದ್ದು, ದುಡ್ಡಿಲ್ಲ.

• ಎದೆ ಹಿಂಡಿದಂತಾಗಿ ನೋವು ಎಡಗೈಗೋ ದವಡೆಗೋ ಹರಿದರೆ, ಬೆವರು ಕಿತ್ತುಬಂದರೆ, ಗ್ಯಾಸ್ ಇರಬೇಕು ಅಂತ ಓಮದ ನೀರು ಕುಡಿದು ಮಲಗಬೇಡಿ. ನಾನು ಸೇದುವುದಿಲ್ಲ, ನನಗೇನಾಗುತ್ತೆ ಅಂತಲೂ ಕೂರಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.