ರೊಟ್ಟಿ, ಸಾರು ಮತ್ತು ಒಲೆಯ ಲೆಕ್ಕ

ನವಲಗುಂದ, ಅಣ್ಣಿಗೇರಿಗಳ ಎರೆನೆಲದ ಬಿಳಿಜೋಳವೂ ಪಶ್ಚಿಮದ ಮಲೆಸೆರಗಿನ ಭತ್ತವೂ ಅಳ್ನಾವರದ ಅಡುಗೆಮನೆಗಳಲ್ಲಿ ಸಂಧಿಸುತ್ತವೆ. ಜೋಳದ ರೊಟ್ಟಿ, ಹುಳ್ಳಿಕಟ್ಟಿನ ಸಾರು ಇವೆರಡಿದ್ದರೆ ಅಲ್ಪ ವೆಚ್ಚದಲ್ಲಿ ಹೊಟ್ಟೆತುಂಬ ಊಟವಾಯಿತು. ಆದರೆ ವೆಚ್ಚವೆಂದೊಡನೆ ನಾವು ಕಾಳು, ಹಿಟ್ಟು, ಎಣ್ಣೆಗಳ ಬೆಲೆಯನ್ನು ಎಣಿಸುತ್ತೇವೆಯೇ ಹೊರತು ಒಲೆ ನುಂಗುವ ಹಣವನ್ನಲ್ಲ. ಅದನ್ನೇ ಇಲ್ಲಿ ಲೆಕ್ಕ ಹಾಕಿ ನೋಡೋಣ.

ಹುಳ್ಳಿಕಾಳನ್ನು ಬೇಯಿಸಿ ಬಸಿದ ನೀರೇ ಕಟ್ಟು. ಕಾಳು ಪಲ್ಯಕ್ಕೆ, ಕಟ್ಟು ಸಾರಿಗೆ. ಒಂದೇ ಉರಿಯಲ್ಲಿ ಎರಡು ಅಡುಗೆ. ಕಾಳು ಬೇಯಲು ಹೊತ್ತು ಹಿಡಿಯುವುದರಿಂದ ಅನೇಕರು ಉರಿಯನ್ನು ಏರಿಸಿ, ನೀರು ಕೊತಕೊತನೆ ಕುದಿದಷ್ಟೂ ಕಾಳು ಬೇಗ ಬೇಯುವುದೆಂದು ಭಾವಿಸುತ್ತಾರೆ. ಇದು ಸರಿಯಲ್ಲ. ತೆರೆದ ಪಾತ್ರೆಯ ನೀರು ಒಮ್ಮೆ ಕುದಿಯತೊಡಗಿದ ಮೇಲೆ ಎಷ್ಟು ಉರಿ ಹಾಕಿದರೂ ಅದರ ಉಷ್ಣತೆ ಏರದು. ಸಮುದ್ರಮಟ್ಟದಿಂದ ಐದುನೂರು ಮೀಟರಿಗೂ ಎತ್ತರದಲ್ಲಿರುವ ಅಳ್ನಾವರದಲ್ಲಿ ಅದು ಸುಮಾರು 98 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ನಿಲ್ಲುತ್ತದೆ. ಕಾಳಿಗೆ ತಿಳಿಯುವುದು ಉಷ್ಣತೆ ಮಾತ್ರ, ನೀರಿನ ಗದ್ದಲವಲ್ಲ.

ಹಾಗಾದರೆ ಹೆಚ್ಚಿನ ಉರಿ ಎಲ್ಲಿ ಹೋಯಿತು? ಆವಿಯಾಗಿ ಹೋಯಿತು. ಎರಡು ಲೀಟರು ನೀರನ್ನು 28 ಡಿಗ್ರಿಯಿಂದ 98 ಡಿಗ್ರಿಗೆ ಕಾಯಿಸಲು 140 ಕಿಲೊಕ್ಯಾಲೊರಿ ಬೇಕು. ಕುದಿಯುವ ನೀರಿನ ಒಂದು ಗ್ರಾಮನ್ನು ಆವಿಯಾಗಿಸಲು ಬೇಕಾಗುವ ಗುಪ್ತೋಷ್ಣವು ಸುಮಾರು 540 ಕ್ಯಾಲೊರಿ. ಎಂದರೆ ಕಾಲು ಲೀಟರಿಗಿಂತ ತುಸು ಹೆಚ್ಚು ನೀರು ಆವಿಯಾದರೆ, ಎರಡು ಲೀಟರನ್ನೂ ಮೊದಲಿನಿಂದ ಕಾಯಿಸಿದಷ್ಟೇ ಶಾಖ ಗಾಳಿಪಾಲು! ಅಡುಗೆಯ ಅನಿಲ ಕಿಲೊ ಒಂದಕ್ಕೆ ಸುಮಾರು 11,000 ಕಿಲೊಕ್ಯಾಲೊರಿ ಕೊಡುತ್ತದೆ. ಅದರಲ್ಲಿ ನೂರಕ್ಕೆ ಅರವತ್ತು ಪಾಲು ಪಾತ್ರೆಗೆ ತಲುಪುವುದೆಂದು ಹಿಡಿಯೋಣ. ಈ ನಷ್ಟ ದಿನಕ್ಕೆ 21 ಗ್ರಾಂ ಅನಿಲ. ದಿನವೂ ಹೀಗಾದರೆ ವರ್ಷಕ್ಕೆ ಏಳೂವರೆ ಕಿಲೊ ಮೀರುತ್ತದೆ, 14.2 ಕಿಲೊ ತುಂಬಿದ ಸಿಲಿಂಡರಿನ ಅರ್ಧಕ್ಕೂ ಹೆಚ್ಚು. ಕಟ್ಟಿಗೆಯ ಒಲೆಯಲ್ಲಿ ಶಾಖದ ಬಹುಪಾಲು ಪಾತ್ರೆಯನ್ನೇ ಮುಟ್ಟದಿರುವುದರಿಂದ ನಷ್ಟ ಇನ್ನೂ ದೊಡ್ಡದು.

ಆದುದರಿಂದ ಕುದಿ ಬಂದೊಡನೆ ಉರಿ ತಗ್ಗಿಸಿ ಮುಚ್ಚಳ ಮುಚ್ಚಬೇಕು. ಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕಿದರೆ ನೀರು ಒಳಸೇರುವ ಕೆಲಸ ಉರಿಯಿಲ್ಲದೆ ಮುಗಿದಿರುತ್ತದೆ. ಹುಣಸೆಹುಳಿಯನ್ನು ಕಾಳು ಬೆಂದ ಮೇಲೆಯೇ ಹಾಕುವುದು ಲೇಸು. ಹುಳಿಯಲ್ಲಿ ಕಾಳಿನ ಕೋಶಗಳನ್ನು ಬೆಸೆದಿರುವ ಪೆಕ್ಟಿನ್ ಸುಲಭವಾಗಿ ಕರಗದು. ಕುಕ್ಕರಿನೊಳಗೆ ಒತ್ತಡದಿಂದ ನೀರಿನ ಉಷ್ಣತೆ 120 ಡಿಗ್ರಿಯವರೆಗೆ ಏರುವುದರಿಂದ ಕಾಳು ನಿಜವಾಗಿಯೂ ಬೇಗ ಬೇಯುತ್ತದೆ. ಆದರೆ ಅದರ ಸೀಟಿಯೂ ಆವಿಯ ನಷ್ಟವೇ. ಸೀಟಿ ಎಣಿಸುತ್ತ ಕೂರುವುದಕ್ಕಿಂತ ಮೊದಲನೆಯದಕ್ಕೇ ಉರಿ ತಗ್ಗಿಸುವುದು ಜಾಣತನ.

ಇನ್ನು ರೊಟ್ಟಿ. ಸಾರಿನಲ್ಲಿ ಕಳ್ಳನಾದ ಆವಿಯೇ ಇಲ್ಲಿ ಆಳಾಗಿ ದುಡಿಯುತ್ತದೆ. ಗೋದಿಹಿಟ್ಟಿಗೆ ಅಂಟು ಕೊಡುವ ಗ್ಲುಟೆನ್ ಜೋಳದಲ್ಲಿಲ್ಲ. ತಣ್ಣೀರಿನಲ್ಲಿ ಕಲಸಿದ ಹಿಟ್ಟು ಬಡಿಯುವಾಗ ಬಿರಿಯುತ್ತದೆ. ಅದಕ್ಕೆಂದೇ ನಮ್ಮ ತಾಯಂದಿರು ಕುದಿಯುವ ಎಸರನ್ನು ಹಿಟ್ಟಿಗೆ ಹೊಯ್ದು ನಾದುತ್ತಾರೆ. ಸುಮಾರು 70 ಡಿಗ್ರಿ ದಾಟಿದಾಗ ಜೋಳದ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಅಂಟಾಗುತ್ತವೆ. ಗ್ಲುಟೆನ್ನಿನ ಕೆಲಸವನ್ನು ಈ ಅಂಟೇ ಮಾಡುತ್ತದೆ. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರುವುದೂ ಇದಕ್ಕಾಗಿಯೇ. ಒಣಹಿಟ್ಟು ತೊಡೆದುಹೋಗಿ, ಮೇಲ್ಮೈ ಅಂಟಾಗಿ ಬಿರುಕುಗಳು ಮುಚ್ಚುತ್ತವೆ. ಮಗುಚಿ ಹಾಕಿದಾಗ ಎರಡೂ ಮುಖಗಳು ತೊಗಲುಗಟ್ಟಿ, ನಡುವಿನ ನೀರು ಆವಿಯಾಗಿ ಸಿಕ್ಕಿಕೊಳ್ಳುತ್ತದೆ. ಒಂದು ಗ್ರಾಂ ನೀರಿನ ಆವಿಗೆ ಸುಮಾರು 1,700 ಘನ ಸೆಂಟಿಮೀಟರು ಸ್ಥಳ ಬೇಕು! ರೊಟ್ಟಿ ಪೂರಿಯಂತೆ ಉಬ್ಬದೆ ಇನ್ನೇನು ಮಾಡೀತು? ಯೀಸ್ಟೂ ಬೇಡ, ಬ್ರೆಡ್ಡಿಗೆ ಬೇಕಾದಂತೆ ಇಡೀ ಭಟ್ಟಿಯನ್ನು ಕಾಯಿಸಬೇಕಾಗಿಯೂ ಇಲ್ಲ.

ಹಂಚನ್ನು ಕಾಯಿಸುವ ಶಾಖ ಎರಡು ರೊಟ್ಟಿಗೂ ಅಷ್ಟೇ, ಇಪ್ಪತ್ತಕ್ಕೂ ಅಷ್ಟೇ. ಈ ದೃಷ್ಟಿಯಿಂದ ಖಡಕ್ ರೊಟ್ಟಿಯೇ ಮಿತವ್ಯಯದ್ದು. ಒಮ್ಮೆಗೇ ಹಲವು ಬಡಿದು ಸಣ್ಣ ಉರಿಯಲ್ಲಿ ನೀರಿನಂಶ ಹೋಗುವಂತೆ ಒಣಗಿಸಿಟ್ಟರೆ, ಬೂಷ್ಟಿಗೆ ಬೇಕಾದ ತೇವವಿಲ್ಲದೆ ಅದು ವಾರಗಟ್ಟಲೆ ಕೆಡದು. ಬಿಸಿ ಕಟ್ಟಿನ ಸಾರಿನಲ್ಲಿ ಮುರಿದು ನೆನೆಯಿಸಿದರೆ ಮತ್ತೆ ಮೆತ್ತಗಾಗುತ್ತದೆ.