ಹಸು ಸಾಗಿಸುವ ಹಳೆ ಲಾರಿ: ಇಂಜಿನ್ ಬಿಸಿ, ಸದ್ದು ತಗ್ಗಿಸುವುದು ಹೇಗೆ?

ಹೊಸದಾಗಿ ಕೊಂಡು ತಂದ ಹಸು ಮೊದಲ ಒಂದೆರಡು ದಿನ ಸರಿಯಾಗಿ ಹಾಲು ಇಳಿಸುವುದಿಲ್ಲ ಎಂದು ಉತ್ಪಾದಕರು ಹೇಳುವುದುಂಟು. ಹೊಸ ಕೊಟ್ಟಿಗೆ, ಹೊಸ ಕೈ ಇದಕ್ಕೆ ಕಾರಣ ಹೌದು. ಜೊತೆಗೆ ಹಸು ಬಂದ ಲಾರಿಯನ್ನೂ ನೋಡಬೇಕು.

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹಸು, ಹುಲ್ಲು ಸಾಗಿಸಲು ಹಳೆ ಲಾರಿ ಹಿಡಿಯುವವರು ಒಂದು ವಿಷಯ ಗಮನಿಸಬೇಕು. ಇಂತಹ ಹಲವು ಲಾರಿಗಳಲ್ಲಿ ಇಂಜಿನ್ ಚಾಲಕನ ಪಕ್ಕದಲ್ಲೇ ಇರುತ್ತದೆ. 1978ರ ಪ್ರಾಣಿ ಸಾಗಣೆ ನಿಯಮಗಳಂತೆ ಹಸುವನ್ನು ಸಾಧ್ಯವಾದಷ್ಟು ಇಂಜಿನ್ ಕಡೆಗೆ ಮುಖ ಮಾಡಿ ನಿಲ್ಲಿಸಬೇಕು. ಹಾಗಾಗಿ ಬಿಸಿ, ಹೊಗೆ, ಸದ್ದು ಚಾಲಕನಿಗೂ ಅವನ ಹಿಂದೆ ನಿಂತ ಹಸುವಿಗೂ ತಾಗುತ್ತದೆ. ಹೆದರಿದ ಹಸುವಿನ ದೇಹದಲ್ಲಿ ಅಡ್ರಿನಲಿನ್ ಹೆಚ್ಚಿ, ಹಾಲು ಇಳಿಸುವ ಆಕ್ಸಿಟೋಸಿನ್ ಕೆಲಸಕ್ಕೆ ಅಡ್ಡಿಯಾಗುತ್ತದೆ. ನಮ್ಮ ಕಿವಿಗೆ ಕೇಳದ ಕೀರಲು ಸದ್ದೂ ಹಸುವಿಗೆ ಕೇಳುತ್ತದೆ.

ಬಿಸಿಯಾದರೆ ಬಾನೆಟ್ ಮೇಲೆ ಗೋಣಿಚೀಲ ಹಾಸುವುದು ರೂಢಿ. ಇದು ಪರಿಹಾರವಲ್ಲ. ಡೀಸೆಲ್, ಆಯಿಲ್ ಹೀರಿದ ಗೋಣಿಗೆ ಬೆಂಕಿ ತಗಲಬಹುದು. ಕೆಲಸವನ್ನು ಈ ಕ್ರಮದಲ್ಲಿ ಮಾಡಿಸಿ:

1. ಮೊದಲು ಹೊಗೆ. ಸೈಲೆನ್ಸರ್ ಪೈಪಿನ ಜೋಡಣೆಯಲ್ಲಿ ಕಪ್ಪು ಮಸಿ ಕಂಡರೆ, ತಣ್ಣಗಿನ ಇಂಜಿನ್ ಚಾಲೂ ಮಾಡಿದಾಗ ಟಿಕ್ ಟಿಕ್ ಸದ್ದು ಬಂದರೆ ಗ್ಯಾಸ್ಕೆಟ್ ಸೋರುತ್ತಿರಬಹುದು. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ, ವಾಸನೆ ಇಲ್ಲ. ತಲೆನೋವು, ತಲೆಸುತ್ತು ಬಂದರೆ ತಕ್ಷಣ ಲಾರಿ ನಿಲ್ಲಿಸಿ ಗಾಳಿಗೆ ಬನ್ನಿ.

2. ನಂತರ ರೇಡಿಯೇಟರ್. ಹುಲ್ಲು ಸಾಗಿಸುವ ಲಾರಿಯ ರೇಡಿಯೇಟರಿನಲ್ಲಿ ಹುಲ್ಲಿನ ಚೂರು, ಧೂಳು ಕಟ್ಟಿಕೊಳ್ಳುತ್ತದೆ. ಇಂಜಿನ್ ತಣಿದ ಮೇಲೆ ಒಳಗಿನಿಂದ ಹೊರಕ್ಕೆ ಗಾಳಿ ಹೊಡೆಸಿ. ಫ್ಯಾನ್ ಬೆಲ್ಟ್ ಬಿಗಿ ನೋಡಿ.

3. ಆಮೇಲೆ ತೂತುಗಳು. ಪೆಡಲ್, ಗೇರ್ ಲಿವರ್ ಬುಡ, ವೈರ್ ಹಾದುಹೋಗುವ ಕಡೆ ರಬ್ಬರ್ ಬೂಟು ಹಾಕಿಸಿ. ಬಾನೆಟ್ ಅಂಚಿನ ರಬ್ಬರ್ ಬದಲಿಸಿ, ಕೊಂಡಿ ಬಿಗಿ ಮಾಡಿಸಿ. ಗಾಳಿ ನುಗ್ಗುವ ಸಂದಿನಲ್ಲಿ ಸದ್ದೂ ನುಗ್ಗುತ್ತದೆ.

4. ಕೊನೆಗೆ ಹೊದಿಕೆ. ತಗಡಿನ ಅದುರು ತಡೆಯಲು ದಪ್ಪ ರಬ್ಬರ್ ಮ್ಯಾಟ್, ಇಂಜಿನ್ ಕಡೆಗೆ ಬೆಂಕಿ ಹಿಡಿಯದ, ಅಲ್ಯೂಮಿನಿಯಂ ಹಾಳೆಯ ಶಾಖ ತಡೆ. ಇದನ್ನೇ ಮೊದಲು ಹಾಕಿದರೆ ಸೋರಿಕೆ ಕಾಣದಂತೆ ಮುಚ್ಚಿಹೋಗುತ್ತದೆ.

85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮೀರಿ ಇರಬಾರದು. 88 ಆದರೆ 4 ಗಂಟೆ ಮಾತ್ರ. ಪಕ್ಕದಲ್ಲಿ ಕುಳಿತವರೊಡನೆ ಕೂಗಿ ಮಾತಾಡಬೇಕಾದರೆ ಸದ್ದು ಮಿತಿ ಮೀರಿದೆ ಎಂದು ತಿಳಿಯಿರಿ. ಹೀಗೆ ಹೋದ ಕಿವಿ ಮರಳಿ ಬಾರದು.

ಮುಂದಿನ ಸಲ ಹಸು ಹತ್ತಿಸುವ ಮೊದಲು, ನಿಂತ ಲಾರಿಯ ಇಂಜಿನ್ ಚಾಲೂ ಮಾಡಿಸಿ, ಹಸು ನಿಲ್ಲುವ ಜಾಗದಲ್ಲಿ ನೀವೇ ಐದು ನಿಮಿಷ ನಿಂತು ನೋಡಿ. ನಿಮಗೆ ಹೊಗೆ, ಬಿಸಿ ತಡೆಯಲಾಗದಿದ್ದರೆ ಹಸುವನ್ನು ಆ ಲಾರಿಗೆ ಹತ್ತಿಸಬೇಡಿ.