ಲೂಪಸ್ ಇರುವ ಮಗಳು ಮಾತ್ರೆ ಬಿಟ್ಟಾಗ

ಶಾಲೆಯ ಚೀಲದ ತಳದಲ್ಲೋ ದಿಂಬಿನ ಕವರಿನೊಳಗೋ ಹದಿಹರೆಯದ ಮಗಳು ನುಂಗದೆ ಬಚ್ಚಿಟ್ಟ ಮಾತ್ರೆಗಳು ಸಿಕ್ಕಿದಾಗ ತಂದೆತಾಯಿಗೆ ಮೊದಲು ಭಯವಾಗುತ್ತದೆ, ಅದರ ಬೆನ್ನಿಗೇ ಸಿಟ್ಟು ಬರುತ್ತದೆ. ಎರಡೂ ಸಹಜ. ಇಷ್ಟು ದುಡ್ಡು, ಇಷ್ಟು ಓಡಾಟ, ಆದರೂ ಹೀಗೇಕೆ ಮಾಡಿದಳು ಎಂದು ಕೇಳಿಕೊಂಡರೆ ‘ಬೇಜವಾಬ್ದಾರಿ’ ಎಂಬ ಉತ್ತರ ತಟ್ಟನೆ ಹೊಳೆಯುತ್ತದೆ. ಲೂಪಸ್‌ನಿಂದ ಮೂತ್ರಪಿಂಡಕ್ಕೆ ತೊಂದರೆಯಾದ ಮಕ್ಕಳ ಮಟ್ಟಿಗೆ ಆ ಉತ್ತರ ಬಹುಪಾಲು ತಪ್ಪು. ಅವಳು ತನಗೆ ಕಾಣುವ ಲಾಭನಷ್ಟ ತೂಗಿ ಒಂದು ತೀರ್ಮಾನಕ್ಕೆ ಬಂದಿರುತ್ತಾಳೆ. ನಿಮ್ಮ ಕೈಯಲ್ಲಿರುವ ಲೆಕ್ಕ ಬೇರೆ, ಅವಳ ಕೈಯಲ್ಲಿರುವ ಲೆಕ್ಕ ಬೇರೆ.

ಇದನ್ನು ಮುಖ್ಯವಾಗಿ ಕೋಲ್ಕತ್ತದ ಕನ್ನಡ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಬ್ಯಾಂಕು, ರೈಲ್ವೆ, ಕೇಂದ್ರ ಸರ್ಕಾರದ ಕಚೇರಿ ಎಂದು ವರ್ಗವಾಗಿ ಬಂದು ಲೇಕ್ ಮಾರ್ಕೆಟ್ ಸುತ್ತಮುತ್ತಲೋ ಸಾಲ್ಟ್ ಲೇಕ್ ಕಡೆಯೋ ನೆಲೆಸಿದ ಕುಟುಂಬಗಳಿಗೆ ಈ ಕಾಯಿಲೆಯ ಜೊತೆ ಇನ್ನೊಂದು ತೊಡಕೂ ಇದೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಕಾಯಿಲೆ ಏನೆಂದು ನೋಡೋಣ.

ಸೋಂಕು ಬಂದಾಗ ಅದನ್ನು ಎದುರಿಸಲು ನಮ್ಮ ದೇಹ ಪ್ರತಿಕಾಯ ಎಂಬ ಪ್ರೋಟೀನುಗಳನ್ನು ತಯಾರಿಸುತ್ತದೆ. ಲೂಪಸ್‌ನಲ್ಲಿ ಈ ಪ್ರತಿಕಾಯಗಳು ದೇಹದ್ದೇ ಜೀವಕೋಶಗಳ ವಿರುದ್ಧ, ಅದರಲ್ಲೂ ಕೋಶದೊಳಗಿನ ಡಿಎನ್‌ಎ ವಿರುದ್ಧ ಹುಟ್ಟುತ್ತವೆ. ಒಂದೊಂದು ಮೂತ್ರಪಿಂಡದಲ್ಲೂ ರಕ್ತವನ್ನು ಸೋಸುವ ಸುಮಾರು ಹತ್ತು ಲಕ್ಷ ಸೂಕ್ಷ್ಮ ಜರಡಿಗಳಿರುತ್ತವೆ. ಪ್ರತಿಕಾಯಗಳು ಗುಂಪಾಗಿ ಅಲ್ಲಿ ತಂಗಿದಾಗ ಜರಡಿ ಉರಿಯೂತಕ್ಕೆ ಒಳಗಾಗಿ ಸಡಿಲವಾಗುತ್ತದೆ; ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರಕ್ಕೆ ಸೋರುತ್ತದೆ. ಮೂತ್ರದಲ್ಲಿ ನೊರೆ, ಕಣ್ಣಿನ ಸುತ್ತ ಊತ, ರಕ್ತದೊತ್ತಡದ ಏರಿಕೆ, ಇವು ಅದರ ಗುರುತು. ನೋವು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಈ ಮಾತನ್ನು ನೆನಪಿನಲ್ಲಿಡಿ; ಮುಂದಿನ ಅರ್ಧ ಕಥೆ ಇದರಿಂದಲೇ ಅರ್ಥವಾಗುತ್ತದೆ. ಲೂಪಸ್ ಹುಡುಗರಿಗೂ ಬರುತ್ತದೆ, ಆದರೆ ಹುಡುಗಿಯರಲ್ಲಿ ಹೆಚ್ಚು, ಮೈನೆರೆಯುವ ವಯಸ್ಸಿನ ಆಸುಪಾಸಿನಲ್ಲಿ ಹೆಚ್ಚು. ದೊಡ್ಡವರಿಗಿಂತ ಮಕ್ಕಳಲ್ಲಿ ಅದು ಮೂತ್ರಪಿಂಡಕ್ಕೆ ಇಳಿಯುವುದೂ ಹೆಚ್ಚು.

ಪೆಟ್ಟು ಎಷ್ಟು ಎಂದು ತಿಳಿಯಲು ಬಯಾಪ್ಸಿ ಮಾಡುತ್ತಾರೆ: ಸೂಜಿಯಿಂದ ಮೂತ್ರಪಿಂಡದ ಎಳೆಯಷ್ಟು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. 2003ರಲ್ಲಿ ಅಂತರರಾಷ್ಟ್ರೀಯ ತಜ್ಞರು ರೂಪಿಸಿದ ವಿಂಗಡಣೆಯಲ್ಲಿ ಆರು ವರ್ಗಗಳಿವೆ. ವರದಿಯಲ್ಲಿ ಮೂರನೆಯ ಅಥವಾ ನಾಲ್ಕನೆಯ ವರ್ಗ ಎಂದಿದ್ದರೆ, ಐದನೆಯ ವರ್ಗದಲ್ಲೂ ಹಲವು ಸಲ, ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಔಷಧಿ ಬೇಕೇ ಬೇಕು.

‘ಮಗುವಿನ ರೋಗನಿರೋಧಕ ಶಕ್ತಿಯನ್ನೇ ಕುಂದಿಸುವುದೆ?’ ಎಂದು ಅಜ್ಜ ಅಜ್ಜಿಯರು ಗಾಬರಿಯಾಗುವುದು ನ್ಯಾಯವೇ. ಮೈಕೋಫಿನೊಲೇಟ್ ಎಂಬ, ಇಂದು ಹೆಚ್ಚು ಬಳಕೆಯಲ್ಲಿರುವ ಮಾತ್ರೆ ಮಾಡುವ ಕೆಲಸ ಇಷ್ಟು: ಪ್ರತಿಕಾಯ ತಯಾರಿಕೆಯ ಹಿಂದಿರುವ ಒಂದು ಜಾತಿಯ ಬಿಳಿರಕ್ತಕಣಗಳು ಸಂಖ್ಯೆಯಲ್ಲಿ ಬೆಳೆಯಲು ಬೇಕಾದ ಒಂದು ಕಚ್ಚಾವಸ್ತುವಿನ ದಾರಿಯನ್ನು ಅದು ಮುಚ್ಚುತ್ತದೆ. ಬೇರೆ ಕೋಶಗಳಿಗೆ ಅದೇ ವಸ್ತುವನ್ನು ಪಡೆಯಲು ಇನ್ನೊಂದು ದಾರಿ ಇದೆ, ಈ ಕಣಗಳಿಗೆ ಅಷ್ಟಾಗಿ ಇಲ್ಲ. ಹಾಗಾಗಿ ಪೆಟ್ಟು ಮುಖ್ಯವಾಗಿ ಅವುಗಳ ಮೇಲೆ. ಇದರ ಮೂಲವಸ್ತುವನ್ನು 1893ರಲ್ಲಿ ಇಟಲಿಯ ಬಾರ್ತೊಲೊಮಿಯೊ ಗೋಸಿಯೊ ಕೆಟ್ಟ ಮೆಕ್ಕೆಜೋಳದ ಬೂಷ್ಟಿನಿಂದ ಬೇರ್ಪಡಿಸಿದ್ದರು. ಅಮೆರಿಕದಲ್ಲಿ 1995ರಲ್ಲಿ ಮೂತ್ರಪಿಂಡ ಕಸಿಗೆ ಇದು ಒಪ್ಪಿಗೆ ಪಡೆಯಿತು. 2000ದಲ್ಲಿ ಹಾಂಗ್‌ಕಾಂಗ್‌ನ ವೈದ್ಯರು ಲೂಪಸ್ ಮೂತ್ರಪಿಂಡ ರೋಗದಲ್ಲಿ ಇದರ ಉಪಯೋಗವನ್ನು ತೋರಿಸಿದರು. ಕೆಲವು ಮಕ್ಕಳಿಗೆ ಮೊದಲಿಗೆ ಸೈಕ್ಲೊಫಾಸ್ಫಮೈಡ್ ಎಂಬ ಇಂಜೆಕ್ಷನ್ ಕೊಡುತ್ತಾರೆ, ಕೆಲವರಿಗೆ ಟ್ಯಾಕ್ರೊಲಿಮಸ್. ಯಾವುದು ಯಾರಿಗೆ ಎಂಬುದನ್ನು ಬಯಾಪ್ಸಿ ನೋಡಿದ ವೈದ್ಯರು ಹೇಳಬೇಕು. ಪಕ್ಕದ ಮನೆಯ ಮಗುವಿನ ಚೀಟಿಗೆ ಹೋಲಿಸಬೇಡಿ.

ಜೊತೆಗೆ ಬಹುತೇಕ ಎಲ್ಲರಿಗೂ ಹೈಡ್ರಾಕ್ಸಿಕ್ಲೋರೊಕ್ವಿನ್ ಇರುತ್ತದೆ. ಮಲೇರಿಯಾ ಇಲ್ಲದ ಮಗುವಿಗೆ ಮಲೇರಿಯಾ ಮಾತ್ರೆ ಏಕೆ ಎಂಬ ಪ್ರಶ್ನೆ ಈ ಊರಿನಲ್ಲಿ ಬರಲೇಬೇಕು. ಸೊಳ್ಳೆಯಿಂದ ಮಲೇರಿಯಾ ಹರಡುವ ಬಗೆಯನ್ನು ರೊನಾಲ್ಡ್ ರಾಸ್ 1898ರಲ್ಲಿ ಹಕ್ಕಿಗಳಲ್ಲಿ ತೋರಿಸಿಕೊಟ್ಟದ್ದು ಇಲ್ಲಿಯೇ, ಇಂದಿನ ಎಸ್‌ಎಸ್‌ಕೆಎಂ ಆಸ್ಪತ್ರೆಯ ಆವರಣದಲ್ಲಿ. ಪ್ರಫುಲ್ಲಚಂದ್ರ ರಾಯ್ ಕಟ್ಟಿದ ಬೆಂಗಾಲ್ ಕೆಮಿಕಲ್ಸ್ ಎಂಬ ಔಷಧಿ ಕಂಪನಿಯ ಹೆಸರೂ 2020ರ ಕೋವಿಡ್ ದಿನಗಳಲ್ಲಿ ಈ ಮಾತ್ರೆಯ ಜೊತೆ ಪತ್ರಿಕೆಗಳಲ್ಲಿ ಓಡಾಡಿತು. ಲೂಪಸ್‌ಗೆ ಇದರ ನಂಟು ಕೋವಿಡ್‌ಗಿಂತ ಬಹಳ ಹಳೆಯದು: ಮಲೇರಿಯಾ ಔಷಧಿಯಿಂದ ಲೂಪಸ್‌ನ ಚರ್ಮದ ಗಾಯ ಮಾಯುವುದನ್ನು 1951ರಲ್ಲೇ ಲಂಡನ್ನಿನ ವೈದ್ಯಪತ್ರಿಕೆಯೊಂದು ವರದಿ ಮಾಡಿತ್ತು. ಕಾಯಿಲೆ ಮತ್ತೆ ಕೆರಳದಂತೆ ವರ್ಷಗಟ್ಟಲೆ ಕಾಯುವ ಔಷಧಿ ಇದು. ತೂಕಕ್ಕೆ ತಕ್ಕ ಪ್ರಮಾಣ ಮೀರಬಾರದು, ಕಣ್ಣಿನ ಪರೀಕ್ಷೆ ತಪ್ಪಿಸಬಾರದು. ಇವೆರಡನ್ನು ಪಾಲಿಸಿದರೆ ಭಯಪಡುವ ಕಾರಣವಿಲ್ಲ.

ಈಗ ಮಗಳ ಲೆಕ್ಕಕ್ಕೆ ಬರೋಣ. ಮೂತ್ರಪಿಂಡ ನೋಯುವುದಿಲ್ಲ ಎಂದೆನಲ್ಲ. ಅಂದರೆ ಮಾತ್ರೆ ನುಂಗಿದರೂ ಅವಳಿಗೆ ಏನೂ ಹಿತವೆನಿಸುವುದಿಲ್ಲ, ಬಿಟ್ಟರೂ ಮರುದಿನ ಏನೂ ಆಗುವುದಿಲ್ಲ. ಒಂದು ದಿನ ಮರೆತಳು, ಏನೂ ಆಗಲಿಲ್ಲ. ಮೂರು ದಿನ ಬಿಟ್ಟು ನೋಡಿದಳು, ಆಗಲೂ ಏನೂ ಆಗಲಿಲ್ಲ. ಅವಳ ಮಟ್ಟಿಗೆ ಇದು ಪ್ರಾಮಾಣಿಕ ಪ್ರಯೋಗವೇ. ಕಾಯಿಲೆ ಕೆರಳುವುದು ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಅದೂ ಸದ್ದಿಲ್ಲದೆ ಎಂಬುದು ಆ ಪ್ರಯೋಗದಲ್ಲಿ ಕಾಣುವುದೇ ಇಲ್ಲ. ಇನ್ನೊಂದು ಕಡೆ ಮಾತ್ರೆಯ ನಷ್ಟಗಳೆಲ್ಲ ಕಣ್ಣಿಗೆ ಕಾಣುವಂಥವು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್‌ನಿಂದ ಮುಖ ದುಂಡಗಾಗುತ್ತದೆ, ಮೊಡವೆ ಏಳುತ್ತದೆ, ಹಸಿವು ತಡೆಯಲಾಗುವುದಿಲ್ಲ, ಮನಸ್ಸು ಸುಮ್ಮಸುಮ್ಮನೆ ಕೆರಳುತ್ತದೆ. ತರಗತಿಯ ಫೋಟೊದಲ್ಲಿ ತನ್ನನ್ನು ತಾನೇ ಗುರುತಿಸಲಾರದ ಹದಿನಾಲ್ಕರ ಹುಡುಗಿಗೆ ‘ಚೆಂದ ಮುಖ್ಯವೋ ಜೀವ ಮುಖ್ಯವೋ’ ಎಂದು ಕೇಳುವುದು ಉತ್ತರವಿಲ್ಲದ ಪ್ರಶ್ನೆ. ಅವಳಿಗೆ ಎರಡೂ ಮುಖ್ಯ. ಸ್ಟೀರಾಯ್ಡ್ ಪ್ರಮಾಣ ಇಳಿದಂತೆ ಮುಖವೂ ಕೆಲವು ತಿಂಗಳಲ್ಲಿ ಇಳಿಯುತ್ತದೆ ಎಂದು ಹೇಳಿ. ಅದು ಸಮಾಧಾನಕ್ಕೆ ಹೇಳುವ ಮಾತಲ್ಲ, ನಿಜ.

ಮೈಕೋಫಿನೊಲೇಟ್ ಹೊಟ್ಟೆಯನ್ನು ಕೆಡಿಸುತ್ತದೆ. ವಾಕರಿಕೆ, ಹೊಟ್ಟೆಯುಬ್ಬರ, ಭೇದಿ. ಶಾಲೆಯಲ್ಲಿ ಮತ್ತೆ ಮತ್ತೆ ಶೌಚಾಲಯಕ್ಕೆ ಹೋಗಲು ಟೀಚರ ಅನುಮತಿ ಕೇಳುವ ಮುಜುಗರವನ್ನು ಮಕ್ಕಳು ಮನೆಯಲ್ಲಿ ಹೇಳುವುದಿಲ್ಲ. ಬೆಳಗಿನ ಮಾತ್ರೆಯನ್ನು ಮೆಲ್ಲನೆ ಬಿಡುತ್ತಾರೆ. ಪರೀಕ್ಷೆಯ ದಿನಗಳಲ್ಲಿ ಮಾತ್ರ ಮಾತ್ರೆ ತಪ್ಪುತ್ತಿದ್ದರೆ ಕಾರಣ ಇದೇ ಇರಬಹುದು.

ಮೊದಲೇ ಹೇಳಿದ ಆ ತೊಡಕು ಭಾಷೆಯದು. ಮಕ್ಕಳು ಶಾಲೆಯಲ್ಲಿ ಬಂಗಾಳಿ ಬೇಗ ಕಲಿಯುತ್ತಾರೆ, ಅಮ್ಮನಿಗೆ ಅಷ್ಟು ಬರುವುದಿಲ್ಲ. ಹೊರರೋಗಿ ವಿಭಾಗದ ಗದ್ದಲದಲ್ಲಿ ವೈದ್ಯರೋ ನರ್ಸೋ ಬಂಗಾಳಿಯಲ್ಲಿ ಹೇಳಿದ್ದನ್ನು ಮಗಳೇ ಕನ್ನಡಕ್ಕೆ ತಿರುಗಿಸಿ ಅಮ್ಮನಿಗೆ ಹೇಳಬೇಕಾಗುತ್ತದೆ. ತನ್ನದೇ ಕಾಯಿಲೆಯ ಸುದ್ದಿಯನ್ನು ತಾನೇ ಮುಟ್ಟಿಸುವ ಭಾರ ಹನ್ನೆರಡರ ಮಗುವಿನ ಮೇಲೆ ಬೀಳುತ್ತದೆ. ಅಮ್ಮ ಅತ್ತಾಳು ಎಂದು ಅರ್ಧ ನುಂಗಿಕೊಳ್ಳುತ್ತಾಳೆ, ತನಗೆ ಬೇಡವಾದ ಸೂಚನೆಯನ್ನು ತೇಲಿಸಿಬಿಡುತ್ತಾಳೆ. ಮುಚ್ಚಿಡುವುದು ಅಲ್ಲಿಯೇ ಅಭ್ಯಾಸವಾಗುತ್ತದೆ. ಇದನ್ನು ತಪ್ಪಿಸಲು ದೊಡ್ಡ ಏರ್ಪಾಡೇನೂ ಬೇಡ. ಎಸ್‌ಎಸ್‌ಕೆಎಂನ ಸಂಧಿವಾತ ವಿಭಾಗವಿರಲಿ, ಪಾರ್ಕ್ ಸರ್ಕಸ್‌ನ ಇನ್‌ಸ್ಟಿಟ್ಯೂಟ್ ಆಫ್ ಚೈಲ್ಡ್ ಹೆಲ್ತ್ ಇರಲಿ, ಖಾಸಗಿ ಆಸ್ಪತ್ರೆಯಿರಲಿ, ‘ದಯವಿಟ್ಟು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನಮಗೇ ಹೇಳಿ’ ಎಂದು ಕೇಳಿಕೊಳ್ಳಿ. ಬಂಗಾಳಿ ಬಲ್ಲ ಒಬ್ಬ ದೊಡ್ಡವರನ್ನು ಕರೆದುಕೊಂಡು ಹೋಗಿ. ದುಭಾಷಿಯ ಕೆಲಸದಿಂದ ಮಗಳನ್ನು ಬಿಡಿಸಿ, ಅವಳು ರೋಗಿಯಾಗಿ ತನ್ನ ಪ್ರಶ್ನೆ ಕೇಳಲಿ.

ಇನ್ನು ನಮ್ಮ ವಿಧಾನ. ದಿನಕ್ಕೆ ಎರಡು ಸಲ ‘ಮಾತ್ರೆ ನುಂಗಿದ್ಯಾ?’ ಎಂದು ಕೇಳಿದರೆ ‘ಹೂಂ’ ಎಂಬುದಷ್ಟೇ ಉತ್ತರ. ಆ ಪ್ರಶ್ನೆಗೆ ‘ಇಲ್ಲ’ ಎಂದರೆ ಬೈಗುಳ ಎಂದು ಗೊತ್ತಿರುವಾಗ ನಿಜ ಹೇಳಲು ಅವಳಿಗೆ ಕಾರಣವೇ ಇಲ್ಲ. ‘ಈ ವಾರ ಯಾವ ಹೊತ್ತಿನ ಮಾತ್ರೆ ಕಷ್ಟವಾಯಿತು?’ ಎಂದು ಕೇಳಿ ನೋಡಿ. ಕೆಲವು ಹೊತ್ತು ತಪ್ಪಿರಬಹುದು ಎಂದು ನೀವೇ ಒಪ್ಪಿಕೊಂಡ ಮೇಲೆ ಹೇಳುವುದು ಸುಲಭ. ‘ಕಿಡ್ನಿ ಹೋಗುತ್ತೆ, ಡಯಾಲಿಸಿಸ್ ಆಗುತ್ತೆ’ ಎಂಬ ಬೆದರಿಕೆಯೂ ಕೆಲಸಕ್ಕೆ ಬಾರದು. ಭಯ ಹೆಚ್ಚಿದ ಮಗು ಕಾಯಿಲೆಯನ್ನು ನೆನಪಿಸುವ ವಸ್ತುವಿನಿಂದಲೇ ದೂರ ಸರಿಯುತ್ತದೆ, ಆ ವಸ್ತು ಮಾತ್ರೆಯೇ.

ಅವಳ ಲೆಕ್ಕದಲ್ಲಿ ಕಾಣದಿರುವ ಲಾಭವನ್ನು ಕಾಣಿಸುವುದು ನಮ್ಮ ಕೆಲಸ. ಮೂತ್ರದ ಪ್ರೋಟೀನು ಮತ್ತು ಕ್ರಿಯಾಟಿನಿನ್ ಅನುಪಾತ ಎಂಬ ಒಂದು ಅಂಕಿ ವರದಿಯಲ್ಲಿರುತ್ತದೆ. ಆರೋಗ್ಯವಂತ ಮಗುವಿನಲ್ಲಿ ಅದು 0.2ಕ್ಕಿಂತ ಕಡಿಮೆ. ಚಿಕಿತ್ಸೆ ಚೆನ್ನಾಗಿ ಹಿಡಿದರೂ 0.5ರ ಆಸುಪಾಸಿಗೆ ಇಳಿಯಲು ಒಂದು ವರ್ಷವೇ ಬೇಕಾಗಬಹುದು. ಪ್ರತಿ ಸಲದ ಅಂಕಿಯನ್ನು ಅವಳೇ ಒಂದು ಪುಸ್ತಕದಲ್ಲಿ ಬರೆಯಲಿ, ಗೆರೆ ಎಳೆಯಲಿ. ಗೆರೆ ಇಳಿದಾಗ ಅದು ಅವಳ ಕೈಯಿಂದಾದ ಕೆಲಸ. ಏರಿದಾಗ ವಿಚಾರಣೆ ಬೇಡ. ಮಾತ್ರೆ ತಪ್ಪದಿದ್ದರೂ ಕಾಯಿಲೆ ಕೆಲವೊಮ್ಮೆ ಏರುತ್ತದೆ.

ಹೊಟ್ಟೆಯ ತೊಂದರೆಯನ್ನು ಸಹಿಸಬೇಕಿಲ್ಲ, ವೈದ್ಯರಿಗೆ ಹೇಳಬೇಕು. ಊಟದ ಜೊತೆ ಕೊಡುವುದು, ಪ್ರಮಾಣವನ್ನು ಹಂಚುವುದು, ಕರುಳಿನಲ್ಲಿ ಕರಗುವ ಇನ್ನೊಂದು ರೂಪದ ಮಾತ್ರೆಗೆ ಬದಲಿಸುವುದು, ಹೀಗೆ ದಾರಿಗಳಿವೆ. ಆಸಿಡಿಟಿಯ ಔಷಧಿಯನ್ನು ಇದರ ಜೊತೆಗೇ ಕೊಟ್ಟರೆ ಮಾತ್ರೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ಮಾತ್ರೆಯನ್ನು ಪುಡಿ ಮಾಡಬೇಡಿ. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಎಂದು ನಿಗದಿ ಮಾಡಿಕೊಂಡರೆ ಶಾಲೆಗೆ ಮಾತ್ರೆ ಒಯ್ಯುವ ಪ್ರಸಂಗವೇ ಇರುವುದಿಲ್ಲ. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ಪಾಲು ಕೊಡಬೇಡಿ.

ಮಾತ್ರೆ ನಿಲ್ಲಿಸುವವರು ಮಕ್ಕಳೊಬ್ಬರೇ ಅಲ್ಲ. ವರದಿ ನಾರ್ಮಲ್ ಬಂದಿತೆಂದು ‘ಇನ್ನೆಷ್ಟು ದಿನ ಈ ವಿಷ’ ಎಂದು ಅಪ್ಪ ಅಮ್ಮನೇ ಕಡಿಮೆ ಮಾಡಿದ್ದೂ ಉಂಟು. ಪ್ರೀತಿಯಿಂದಲೇ ಮಾಡಿದ್ದು, ಸಂಶಯವಿಲ್ಲ. ಆದರೆ ವರದಿ ನಾರ್ಮಲ್ ಆಗಿರುವುದು ಮಾತ್ರೆಯಿಂದ. ಮೊದಲ ಕೆಲವು ತಿಂಗಳ ತೀವ್ರ ಚಿಕಿತ್ಸೆ ಸೇರಿ ಒಟ್ಟು ಕನಿಷ್ಠ ಮೂರು ವರ್ಷ ಎಂಬುದು ಇಂದು ತಜ್ಞರು ಒಪ್ಪಿರುವ ಅವಧಿ. ಸ್ಟೀರಾಯ್ಡ್‌ನದು ಬೇರೆಯೇ ಅಪಾಯ: ತಿಂಗಳುಗಟ್ಟಲೆ ಹೊರಗಿನಿಂದ ಬಂದಾಗ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ. ತಟ್ಟನೆ ಬಿಟ್ಟರೆ ವಾಂತಿ, ನಿತ್ರಾಣ, ರಕ್ತದೊತ್ತಡದ ಕುಸಿತ, ಜೀವಕ್ಕೇ ಕುತ್ತು. ಬಚ್ಚಿಟ್ಟ ಮಾತ್ರೆಗಳಲ್ಲಿ ಸ್ಟೀರಾಯ್ಡ್ ಇದ್ದರೆ ಬೈಯುವ ಮೊದಲು ವೈದ್ಯರಿಗೆ ಫೋನ್ ಮಾಡಿ.

ಕೋಲ್ಕತ್ತದ ಮಳೆಗಾಲ, ಅದರ ನಂತರದ ಡೆಂಗಿ ದಿನಗಳು ಎಚ್ಚರ ಬೇಡುತ್ತವೆ. ಜ್ವರ 100.4 ಡಿಗ್ರಿ ದಾಟಿದರೆ ನಾಳೆಗೆ ಮುಂದೂಡದೆ ಅಂದೇ ತೋರಿಸಿ. ಐಬುಪ್ರೊಫೆನ್, ಡೈಕ್ಲೊಫಿನಾಕ್‌ನಂಥ ನೋವಿನ ಮಾತ್ರೆ ಮೂತ್ರಪಿಂಡಕ್ಕೆ ಒಳ್ಳೆಯದಲ್ಲ. ದುರ್ಗಾಪೂಜೆಯ ನಾಲ್ಕು ರಾತ್ರಿ ಗೆಳತಿಯರ ಜೊತೆ ಪೆಂಡಾಲ್ ಸುತ್ತಲು ಬಿಡಿ, ಬಿಡದಿದ್ದರೆ ಅವಳು ಕಾಯಿಲೆಯನ್ನು ಇನ್ನಷ್ಟು ದ್ವೇಷಿಸುತ್ತಾಳೆ. ಸಂಜೆಯ ಮಾತ್ರೆ ಪರ್ಸಿನಲ್ಲಿರಲಿ, ಫುಚ್ಕಾದ ನೀರು ಮಾತ್ರ ಬೇಡ. ಹಗಲಿನ ಬಿಸಿಲಿಗೆ ಕೊಡೆ. ಉಪ್ಪಿನಕಾಯಿ, ಹಪ್ಪಳ, ಚನಾಚೂರು ಮನೆಮಂದಿಗೆಲ್ಲ ಕಡಿಮೆಯಾಗಲಿ. ಅವಳ ತಟ್ಟೆಯಲ್ಲಿ ಮಾತ್ರ ಅಲ್ಲ. ದಡಾರ, ಚಿಕನ್‌ಪಾಕ್ಸ್‌ನಂಥ ಕಾಯಿಲೆಗಳ ಜೀವಂತ ಲಸಿಕೆಗಳನ್ನು ಈ ಚಿಕಿತ್ಸೆಯಲ್ಲಿ ಕೊಡುವುದಿಲ್ಲ. ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ ಪೋಲಿಯೊ ಹನಿ ಹಾಕಿಸುವ ಮುಂಚೆ ವೈದ್ಯರನ್ನು ಕೇಳಿ. ಶಾಲೆಯಲ್ಲಿ ಯಾರಿಗಾದರೂ ಚಿಕನ್‌ಪಾಕ್ಸ್ ಬಂದಿದ್ದು ತಿಳಿದರೆ ಅಂದೇ ವೈದ್ಯರಿಗೆ ತಿಳಿಸಿ.

ಮದುವೆ, ಮಕ್ಕಳು ಎಂಬ ಚಿಂತೆಯನ್ನು ತಾಯಂದಿರು ಮಗಳನ್ನು ಹೊರಗೆ ಕಳಿಸಿ ಕೇಳುತ್ತಾರೆ. ಮೈಕೋಫಿನೊಲೇಟ್ ಗರ್ಭದ ಮಗುವಿಗೆ ಹಾನಿ ಮಾಡುತ್ತದೆ, ಹಾಗಾಗಿ ಗರ್ಭ ಧರಿಸುವ ಮುಂಚೆಯೇ ಬೇರೆ ಮಾತ್ರೆಗೆ ಬದಲಿಸಬೇಕು. ಕಾಯಿಲೆ ಶಾಂತವಾಗಿದ್ದು ಯೋಜನೆ ಮಾಡಿದರೆ ತಾಯ್ತನ ಸಾಧ್ಯ, ಎಷ್ಟೋ ಹೆಣ್ಣುಮಕ್ಕಳು ತಾಯಂದಿರಾಗಿದ್ದಾರೆ. ಈ ಮಾತನ್ನು ವಯಸ್ಸಿಗೆ ತಕ್ಕ ಹಾಗೆ ಮಗಳ ಎದುರೇ ಆಡಿ. ಬಾಗಿಲ ಹೊರಗೆ ನಿಂತವಳು ಇದಕ್ಕಿಂತ ಕೆಟ್ಟದ್ದನ್ನೇ ಊಹಿಸಿಕೊಂಡಿರುತ್ತಾಳೆ.

ರಜೆಗೆ ಊರಿಗೆ ಹೊರಟಾಗ ಮಾತ್ರೆಗಳು ಸೀಟಿನಡಿಯ ಸೂಟ್‌ಕೇಸಿನಲ್ಲಿರದೆ ಕೈಚೀಲದಲ್ಲಿರಲಿ, ವಾಪಸಾಗುವ ದಿನಕ್ಕಿಂತ ಒಂದು ವಾರ ಹೆಚ್ಚಿಗೆ ಇರಲಿ. ಚಿಕ್ಕ ಊರಿನ ಔಷಧಿ ಅಂಗಡಿಯಲ್ಲಿ ಇವು ತಕ್ಷಣ ಸಿಗುವುದಿಲ್ಲ. ವರ್ಗವಾಗಿ ಕರ್ನಾಟಕಕ್ಕೇ ಮರಳುವುದಾದರೆ ಬಯಾಪ್ಸಿಯ ವರದಿಯ ಜೊತೆ ಅದರ ಸ್ಲೈಡುಗಳನ್ನೂ ಕೇಳಿ ಪಡೆದುಕೊಳ್ಳಿ. ಬೆಂಗಳೂರಿನ ಸೇಂಟ್ ಜಾನ್ಸ್‌ನಂಥ ಕಡೆ ಮಕ್ಕಳ ಮೂತ್ರಪಿಂಡಕ್ಕೇ ಪ್ರತ್ಯೇಕ ವಿಭಾಗವಿದೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು ಎಂಬ ಸಮಾಧಾನದಲ್ಲಿ ಎಲ್ಲವನ್ನೂ ನೀವೇ ಹೇಳಿ ಮುಗಿಸಬೇಡಿ. ಯಾವ ಮಾತ್ರೆ, ಎಷ್ಟು, ಯಾವುದು ಕಷ್ಟವಾಗುತ್ತಿದೆ ಎಂಬುದನ್ನು ಮೊದಲು ಮಗಳು ಹೇಳಲಿ, ಅವಳು ಬಿಟ್ಟದ್ದನ್ನು ನೀವು ಸೇರಿಸಿ.